ಸಲೈನ್ ಬಾಟಲಿ ನೇತುಹಾಕುವ ಮುಂಚೆ: ದನ, ಕರು, ಮೇಕೆ, ನಾಯಿ ಸಾಕುವವರಿಗೆ

"ಸಾರ್, ಒಂದು ಬಾಟಲಿ ಗ್ಲೂಕೋಸ್ ಹಾಕ್ಬಿಡಿ, ಎದ್ದು ನಿಲ್ಲುತ್ತೆ."

ಕೊಟ್ಟಿಗೆಯೊಳಗೆ ಕಾಲಿಡುವ ಮೊದಲೇ ಈ ಮಾತು ಕಿವಿಗೆ ಬೀಳುತ್ತದೆ. ಪಶುವೈದ್ಯನಾಗಿ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳುವವರ ತಪ್ಪಲ್ಲ. ಬಾಟಲಿ ನೇತಾಡುತ್ತಿದ್ದರೆ ಏನೋ ಚಿಕಿತ್ಸೆ ನಡೀತಿದೆ ಅನ್ನೋ ಧೈರ್ಯ ಬರುತ್ತದೆ, ಅಲ್ವಾ?

ಆದರೆ ಒಂದು ಲೆಕ್ಕ ಹಾಕಿ ನೋಡೋಣ. ಬಾಟಲಿಯಲ್ಲಿ ಇರೋದು ಅರ್ಧ ಲೀಟರ್. 400 ಕೆಜಿ ಸೀಮೆ ಹಸುವಿಗೆ ಅದು ಕೆಜಿಗೆ ಒಂದೂಕಾಲು ಎಂಎಲ್. 60 ಕೆಜಿ ಮನುಷ್ಯನ ಲೆಕ್ಕಕ್ಕೆ ತಂದರೆ 75 ಎಂಎಲ್, ಹೆಚ್ಚುಕಮ್ಮಿ ಹೋಟೆಲಿನ ಬೈಟೂ ಕಾಫಿಯಷ್ಟು. ಅದೇ ಬಾಟಲಿಯನ್ನು 2 ಕೆಜಿ ನಾಯಿಮರಿಗೆ ಪೂರ್ತಿ ಹರಿಸಿದರೆ ಕೆಜಿಗೆ 250 ಎಂಎಲ್. ಅದೇ ಮನುಷ್ಯನ ನರಕ್ಕೆ 15 ಲೀಟರ್, ಅಂದರೆ ಒಂದು ಕೊಡ ನೀರು ಸುರಿದ ಹಾಗೆ. ಬಾಟಲಿ ಒಂದೇ. ಒಂದು ಕಡೆ ಏನೂ ಸಾಲದು, ಇನ್ನೊಂದು ಕಡೆ ಜೀವ ತೆಗೆಯುತ್ತದೆ. ಹಾಗಾಗಿ "ಬಾಟಲಿ ಹಾಕಿ" ಅನ್ನುವ ಬದಲು "ಯಾವುದು, ಎಷ್ಟು, ಎಷ್ಟು ಹೊತ್ತಿನಲ್ಲಿ" ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನರಕ್ಕೆ ಸೂಜಿ ಚುಚ್ಚುವುದನ್ನು ಕಲಿಸುವ ಲೇಖನ ಇದಲ್ಲ. ಅದು ನೋಂದಾಯಿತ ಪಶುವೈದ್ಯರ ಕೆಲಸ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಹೇಳುವುದೂ ಅದನ್ನೇ. ಆದರೆ ಸೂಜಿಯ ಮುಂಚೆ ಮತ್ತು ಆಮೇಲೆ ಇರುವ ಕೆಲಸದಲ್ಲಿ ಮುಕ್ಕಾಲು ಪಾಲು ನಿಮ್ಮದು.

ಮೊದಲು ತೂಕ

ಕರು, ಮೇಕೆ, ನಾಯಿ ಆದರೆ ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿ. ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಹಸುವಿಗೆ ದರ್ಜಿಯ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಸುತ್ತು ಎಷ್ಟು ಇಂಚು ಅಂತ ಅಳೆಯಿರಿ. ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಅಳೆಯಿರಿ. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಎದೆಸುತ್ತು 66, ಉದ್ದ 54 ಇದ್ದರೆ ಸುಮಾರು 356 ಕೆಜಿ. ಗ್ರಾಂ ಲೆಕ್ಕಕ್ಕೆ ಕರಾರುವಾಕ್ಕಲ್ಲ, ಆದರೆ ಕಣ್ಣಂದಾಜಿಗಿಂತ ಎಷ್ಟೋ ವಾಸಿ. ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದಿಡಿ. ರಾತ್ರಿ ಹೊತ್ತು ಡಾಕ್ಟರಿಗೆ ಫೋನ್ ಮಾಡಿದಾಗ ಇದು ಕೆಲಸಕ್ಕೆ ಬರುತ್ತದೆ.

ಮೈ ಎಷ್ಟು ಒಣಗಿದೆ?

ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ಬಿಡಿ. ಆರೋಗ್ಯವಾಗಿದ್ದರೆ ತಕ್ಷಣ ಕೂತುಬಿಡುತ್ತದೆ. ಮಡಿಕೆ ಎರಡು ಸೆಕೆಂಡಿಗಿಂತ ಜಾಸ್ತಿ ನಿಂತರೆ ನೀರು ಕಮ್ಮಿಯಾಗಿದೆ ಅಂತ ಅರ್ಥ. ಬಡಕಲು ದನದಲ್ಲಿ ಮತ್ತು ಮುದಿ ದನದಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ. ಅವುಗಳ ಚರ್ಮ ಸುಮ್ನೆ ಇದ್ದರೂ ನಿಧಾನ.

ನಾನು ಜಾಸ್ತಿ ನಂಬುವುದು ಕಣ್ಣನ್ನು. ಭೇದಿ ಹಿಡಿದ ಕರುವಿನ ಕೆಳರೆಪ್ಪೆಯನ್ನು ಮೆಲ್ಲಗೆ ಸರಿಸಿ ನೋಡಿ. ರೆಪ್ಪೆಗೂ ಗುಡ್ಡೆಗೂ ನಡುವೆ ಸಂದು ಇರಬಾರದು. ಎರಡು ಬೆಂಕಿಕಡ್ಡಿ ಪಕ್ಕಪಕ್ಕ ಇಟ್ಟಷ್ಟು ಸಂದು ಕಂಡರೆ ಮೈತೂಕದ ನೂರಕ್ಕೆ ಸುಮಾರು 7 ಪಾಲು ನೀರು ಹೋಗಿದೆ ಅಂತ ಲೆಕ್ಕ. ಆಮೇಲೆ ಬಾಯೊಳಗೆ ಬೆರಳಿಡಿ. ಬೆಚ್ಚಗಿದ್ದು ಬೆರಳು ಚೀಪಿದರೆ ಸಮಾಧಾನ. ಬಾಯಿ ತಣ್ಣಗಿದೆ, ಚೀಪುತ್ತಿಲ್ಲ, ಕಾಲು ಮುಟ್ಟಿದರೆ ಮಂಜಿನ ಹಾಗಿದೆ ಅಂದರೆ ಕಾಯುವ ಸಮಯವಲ್ಲ.

ಈಗ ಲೆಕ್ಕ ಸುಲಭ. 40 ಕೆಜಿ ಕರು, ನೂರಕ್ಕೆ 8 ಪಾಲು ಒಣಗಿದೆ: 3.2 ಲೀಟರ್ ಬೇಕು. ಆರು ಬಾಟಲಿಗೂ ಜಾಸ್ತಿ! ಒಂದು ಬಾಟಲಿ ಹಾಕಿಸಿ "ಯಾಕೋ ಹಿಡೀಲಿಲ್ಲ" ಅಂದರೆ ಹೇಗೆ? 400 ಕೆಜಿ ಹಸು ಅಷ್ಟೇ ಒಣಗಿದ್ದರೆ 32 ಲೀಟರ್. 64 ಬಾಟಲಿ ಯಾರೂ ನೇತುಹಾಕುವುದಿಲ್ಲ. ಅದಕ್ಕೇ ಮುಂದಿನ ಪ್ರಶ್ನೆ.

ಸೂಜಿಯೇ ಬೇಕಾ?

ನಿಲ್ಲುವ, ಚೀಪುವ ಕರುವಿಗೆ ಬಾಯಿಯ ದಾರಿಯೇ ಒಳ್ಳೆಯದು. ಮನುಷ್ಯರ ಓಆರ್‌ಎಸ್ ಪೊಟ್ಟಣವೂ ತುರ್ತಿಗೆ ನಡೆಯುತ್ತದೆ. ಆದರೆ ಪೊಟ್ಟಣ ಎಷ್ಟು ನೀರಿಗೆ ಅಂತ ಓದಿ. ಒಂದು ಲೀಟರಿನದೂ ಇದೆ, 200 ಎಂಎಲ್‌ನ ಚಿಕ್ಕದೂ ಇದೆ. ಹಾಲು ನಿಲ್ಲಿಸಬೇಡಿ, ಆದರೆ ಹಾಲಿಗೇ ಬೆರೆಸಲೂ ಬೇಡಿ. ಎರಡರ ನಡುವೆ ಒಂದೆರಡು ಗಂಟೆ ಬಿಡುವಿರಲಿ.

ದೊಡ್ಡ ಹಸುವಿನ ಹೊಟ್ಟೆಯಂತೂ ಒಂದು ತೊಟ್ಟಿ. ವೈದ್ಯರು ಟ್ಯೂಬ್ ಇಳಿಸಿ ಒಂದೇ ಸಲಕ್ಕೆ 20 ಲೀಟರ್ ಲವಣದ ನೀರು ತುಂಬಿಸಬಹುದು. ಖರ್ಚೂ ಕಮ್ಮಿ. "ಬಾಟಲಿ ಹಾಕದೆ ಬರೀ ನೀರು ಬಿಟ್ಟು ಹೋದ್ರು" ಅಂತ ಬೇಜಾರು ಮಾಡಿಕೊಳ್ಳಬೇಡಿ, ಎಷ್ಟೋ ಸಲ ಅದೇ ಸರಿಯಾದ ಚಿಕಿತ್ಸೆ. ನೀವಾಗಿ ಗೊಟ್ಟ (ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆ) ಹಾಕುವ ವಿಷಯದಲ್ಲಿ ಮಾತ್ರ ಎಚ್ಚರ. ಮಲಗಿದ, ಕುತ್ತಿಗೆ ತಿರುಚಿ ಪಕ್ಕೆಗೆ ಇಟ್ಟುಕೊಂಡ, ನುಂಗಲಾರದ ಹಸುವಿಗೆ ಗೊಟ್ಟದಲ್ಲಿ ಏನೂ ಹಾಕಬೇಡಿ. ನೀರು ಹೊಟ್ಟೆಗಲ್ಲ, ಶ್ವಾಸಕ್ಕೆ ಹೋಗುತ್ತದೆ.

ಹಸು ಕುಸಿದಿದ್ದರೆ ಕೆಲವು ವೈದ್ಯರು ಗಟ್ಟಿ ಸಲೈನ್ ಬಳಸುತ್ತಾರೆ. ಮಾಮೂಲಿ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿದ್ದರೆ ಇದರಲ್ಲಿ 72 ಗ್ರಾಂ. ಕೆಜಿಗೆ 4ರಿಂದ 5 ಎಂಎಲ್, ಅಂದರೆ ದೊಡ್ಡ ಹಸುವಿಗೆ 2 ಲೀಟರ್ ಆಸುಪಾಸು. ಅದು ಹೊಟ್ಟೆಯ ನೀರನ್ನು ರಕ್ತಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಅದರ ಹಿಂದೆಯೇ 20 ಲೀಟರಿಗೆ ಕಮ್ಮಿಯಿಲ್ಲದಷ್ಟು ನೀರು ಹೊಟ್ಟೆಗೆ ಹೋಗಲೇಬೇಕು. ಸೂಜಿ ತೆಗೆಯುವ ಮೊದಲೇ ಬಕೆಟ್ ತುಂಬಿಸಿ ಇಟ್ಟಿರಿ. ಕುಡಿಯದಿದ್ದರೆ ಟ್ಯೂಬ್ ಹಾಕಿಸಿ.

ಯಾವ ಬಾಟಲಿ?

ನಮ್ಮ ಕಡೆ ಎಲ್ಲದಕ್ಕೂ ಒಂದೇ ಹೆಸರು, "ಗ್ಲೂಕೋಸ್". ಬಾಟಲಿಗಳು ನೋಡಲು ಒಂದೇ ಥರ ಇದ್ದರೂ ಒಳಗಿರುವುದು ಬೇರೆ.

ನಾರ್ಮಲ್ ಸಲೈನ್ ಅಂದರೆ ಬರೀ ಉಪ್ಪುನೀರು. ರಕ್ತ ಹೋದಾಗ, ವಾಂತಿ ಜಾಸ್ತಿಯಾದಾಗ, ಹಸುವಿನ ನಾಲ್ಕನೇ ಹೊಟ್ಟೆ ಜಾಗ ತಪ್ಪಿದಾಗ ಇದು ಸರಿ. ಕರುವಿನ ಭೇದಿಯಲ್ಲಿ ಮಾತ್ರ ಇದು ಅಷ್ಟು ಒಳ್ಳೆಯದಲ್ಲ. ಭೇದಿಯಲ್ಲಿ ರಕ್ತ ಹುಳಿಗೆ ತಿರುಗಿರುತ್ತದೆ, ಬರೀ ಸಲೈನ್ ಆ ಹುಳಿಯನ್ನು ಇನ್ನಷ್ಟು ಏರಿಸಬಹುದು. ಅಲ್ಲಿ ರಿಂಗರ್ ಲ್ಯಾಕ್ಟೇಟ್ (ಹಲವು ಲವಣ ಬೆರೆತ ಇನ್ನೊಂದು ಬಾಟಲಿ) ಮೇಲು. ಕಷ್ಟ ಜಾಸ್ತಿಯಿದ್ದರೆ ವೈದ್ಯರು ಹುಳಿ ಇಳಿಸುವ ಬೈಕಾರ್ಬೊನೇಟನ್ನೂ ಬೇರೆಯಾಗಿ ಕೊಡುತ್ತಾರೆ. ಮದುವೆ ಮನೆಯ ಉಳಿದ ಅನ್ನ ತಿಂದು ಹೊಟ್ಟೆ ಹುಳಿಯಾದ ದನಕ್ಕೂ ಹಾಗೆಯೇ.

ಇನ್ನು 5 ಪರ್ಸೆಂಟ್ ಡೆಕ್ಸ್ಟ್ರೋಸ್, ಅಂದರೆ ನಿಜವಾದ "ಗ್ಲೂಕೋಸ್". ಅರ್ಧ ಲೀಟರಿನಲ್ಲಿ 25 ಗ್ರಾಂ ಸಕ್ಕರೆ. ಎರಡು ಲೋಟ ಟೀಗೆ ಹಾಕುವಷ್ಟು. ದಿನಕ್ಕೆ ಹೊರೆ ಹುಲ್ಲು ತಿನ್ನುವ ಹಸುವಿಗೆ ಇದರಿಂದ "ಶಕ್ತಿ" ಬರುತ್ತಾ? ಕರು ಹಾಕಿದ ಮೇಲೆ ಮೈಯಲ್ಲಿ ಸಕ್ಕರೆ ಸಾಲದೆ ಬರುವ ಕೀಟೋಸಿಸ್ ಕಾಯಿಲೆಗೆ 25 ಅಥವಾ 50 ಪರ್ಸೆಂಟಿನದೇ ಬೇಕು. ಅದು ನರದಿಂದ ಆಚೆ ಸೋರಿದರೆ ಕುತ್ತಿಗೆ ಊದಿ ಮಾಂಸವೇ ಹಾಳಾಗಬಹುದು. ಹಸು ತಲೆ ಕೊಡವಿದರೆ ಕೆಲಸ ಕೆಟ್ಟಿತು ಅಂತಲೇ ತಿಳಿಯಿರಿ.

ಬೆರೆಸಬಾರದ ಎರಡು ಜೋಡಿ ನೆನಪಿರಲಿ. ಕ್ಯಾಲ್ಸಿಯಂ ಇರುವ ಬಾಟಲಿಗೆ ಬೈಕಾರ್ಬೊನೇಟ್ ಹಾಕಿದರೆ ಸುಣ್ಣದ ತಿಳಿ ಹಾಗೆ ಬಿಳಿ ಗಸಿ ಕಟ್ಟುತ್ತದೆ. ರಿಂಗರ್ ಲ್ಯಾಕ್ಟೇಟ್‌ನಲ್ಲೂ ಕ್ಯಾಲ್ಸಿಯಂ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ನೂ ಕ್ಯಾಲ್ಸಿಯಂ ಇರುವ ಬಾಟಲಿಗೆ ಸೇರಬಾರದು. ಪೊಟ್ಯಾಷಿಯಂ ಕ್ಲೋರೈಡ್ ಆಂಪೂಲನ್ನಂತೂ ಮನೆಯಲ್ಲಿ ಇಡಲೇಬೇಡಿ. ನೀರಿಗೆ ಬೆರೆಸದೆ ನರಕ್ಕೆ ಹೋದರೆ ಹೃದಯ ಅಲ್ಲೇ ನಿಲ್ಲುತ್ತದೆ.

ಅಡುಗೆ ಉಪ್ಪನ್ನು ಕಾಯಿಸಿದ ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಸಲೈನ್ ಮಾಡ್ಕೊಂಡರೆ ಆಗಲ್ವಾ ಅಂತ ಒಬ್ಬರು ಕೇಳಿದ್ದರು. ಬಾಯಿಗೆ ಆಗಬಹುದು. ನರಕ್ಕೆ ಬೇಡವೇ ಬೇಡ.

ಬಾಟಲಿ ಕೈಗೆ ಬಂದ ಮೇಲೆ

ಬೆಳಕಿಗೆ ಹಿಡಿಯಿರಿ. ಮಸುಕು, ದಾರದಂಥ ಎಳೆ, ತೇಲುವ ಚೂರು ಕಂಡರೆ ವಾಪಸ್ ಕೊಡಿ. ಗಟ್ಟಿಯಾಗಿ ಹಿಂಡಿ ನೋಡಿ, ಎಲ್ಲಾದರೂ ಹನಿ ಜಿನುಗಿದರೆ ಅದೂ ಬೇಡ. ಅವಧಿ ಮುಗಿಯುವ ತಾರೀಖು ಓದಿ. ನಿನ್ನೆ ಅರ್ಧ ಉಳಿದದ್ದನ್ನು ಇವತ್ತು ಬಳಸುವಂತಿಲ್ಲ, ಫ್ರಿಜ್ಜಿನಲ್ಲಿ ಇಟ್ಟಿದ್ದರೂ ಅಷ್ಟೇ. ಹನಿ ಬೀಳುತ್ತಿಲ್ಲ ಅಂತ ಬಾಟಲಿಯ ತಳಕ್ಕೆ ಯಾವುದೋ ಸೂಜಿ ಚುಚ್ಚಿ ಗಾಳಿ ಬಿಡುತ್ತಾರಲ್ಲ, ಅದನ್ನೂ ನಿಲ್ಲಿಸಿ. ಕೊಟ್ಟಿಗೆಯ ಗಾಳಿ, ಧೂಳು ನೇರ ರಕ್ತಕ್ಕೆ ದಾರಿ ಮಾಡಿಕೊಳ್ಳುತ್ತದೆ. ಗಾಳಿಯ ಕಿಂಡಿ ಇರುವ ಡ್ರಿಪ್ ಸೆಟ್ ಸಿಗುತ್ತದೆ, ಅದನ್ನೇ ತನ್ನಿ.

ಚಳಿಗಾಲದ ಬೆಳಗಿನ ಜಾವ ಬಾಟಲಿ ತಣ್ಣಗಿರುತ್ತದೆ. ಅದನ್ನೇ ಹರಿಸಿದರೆ ಮೊದಲೇ ತಣ್ಣಗಾದ ಕರು ಇನ್ನೂ ನಡುಗುತ್ತದೆ. ಬಕೆಟ್‌ನಲ್ಲಿ ಕೈ ಆರಾಮಾಗಿ ತಡೆಯುವಷ್ಟು ಬಿಸಿನೀರು ಹಾಕಿ, ಬಾಟಲಿ ಹತ್ತು ಹದಿನೈದು ನಿಮಿಷ ಮುಳುಗಿಸಿ. ಮಣಿಕಟ್ಟಿನ ಒಳಭಾಗಕ್ಕೆ ಬಾಟಲಿ ಒತ್ತಿ ನೋಡಿ, ಬೆಚ್ಚಗೆ ಅನಿಸಬೇಕು, ಸುಡಬಾರದು. ಒಲೆಯ ಪಕ್ಕ ಇಡೋದು, ಕುದಿಯುವ ನೀರಿಗೆ ಹಾಕೋದು ಬೇಡ.

ಕಟ್ಟುವುದು, ಕೂರಿಸುವುದು

ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಗಟ್ಟಿ ಕಂಬಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಹಗ್ಗ ಕುತ್ತಿಗೆಯನ್ನು ಬಿಗಿಯದಿರಲಿ. ಬಿಗಿದರೆ ನರವನ್ನೇ ಅದುಮಿ ಡ್ರಿಪ್ ನಿಂತುಬಿಡುತ್ತದೆ. ಮಲಗಿದ ಹಸುವನ್ನು ಮಗ್ಗುಲಿಗೆ ಬೀಳಲು ಬಿಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಎದೆಯ ಮೇಲೆ ಕೂರಿಸಿ, ಪಕ್ಕಕ್ಕೆ ಹುಲ್ಲು ತುಂಬಿದ ಗೋಣಿಚೀಲ ಒತ್ತು ಕೊಡಿ.

ಸೂಜಿ ಹಾಕುವ ಜಾಗದ ಕೂದಲು ಕತ್ತರಿಸಿ, ಸೋಪಿನಲ್ಲಿ ಸಗಣಿ ತೊಳೆದು ಒರೆಸಿಟ್ಟರೆ ವೈದ್ಯರ ಅರ್ಧ ಕೆಲಸ ಮುಗಿದ ಹಾಗೆ. ಬಾಟಲಿ ತೂಗುಹಾಕಲು ತೊಲೆಗೆ ಹಗ್ಗ ಬಿಗಿದಿಡಿ. ಎತ್ತರ ಹೆಚ್ಚಿದಷ್ಟೂ ಹರಿವು ಜೋರು ಅನ್ನೋದು ಗಮನದಲ್ಲಿರಲಿ. ಸೂಜಿಗೆ ಜೋಡಿಸುವ ಮೊದಲು ಪೈಪಿನಲ್ಲಿರುವ ಗಾಳಿಯೆಲ್ಲ ಹೋಗಿ ನೀರು ಬರುತ್ತಿದೆಯಾ ಅಂತ ನೀವೂ ನೋಡಿ. ಒಂದೆರಡು ಸಣ್ಣ ಗುಳ್ಳೆಗೆ ಗಾಬರಿ ಬೇಡ. ಖಾಲಿ ಪೈಪ್ ಜೋಡಿಸುವುದು, ಖಾಲಿ ಬಾಟಲಿಯನ್ನು ಹಾಗೇ ಬಿಟ್ಟು ಮಲಗುವುದು, ಇವು ಅಪಾಯ.

ಹನಿಯ ಲೆಕ್ಕ

ಡ್ರಿಪ್ ಸೆಟ್ಟಿನ ಕವರಿನ ಮೇಲೆ ಒಂದು ಎಂಎಲ್‌ಗೆ ಎಷ್ಟು ಹನಿ ಅಂತ ಬರೆದಿರುತ್ತದೆ. ಮಾಮೂಲಿ ಸೆಟ್ಟು 20 ಹನಿ, ಚಿಕ್ಕ ಪ್ರಾಣಿಗಳ ಮೈಕ್ರೋ ಸೆಟ್ಟು 60 ಹನಿ. ಮೈಕ್ರೋ ಸೆಟ್ಟಿನಲ್ಲಿ ಒಂದು ಸುಖವಿದೆ. ಗಂಟೆಗೆ ಎಷ್ಟು ಎಂಎಲ್ ಹೋಗಬೇಕೋ ನಿಮಿಷಕ್ಕೆ ಅಷ್ಟೇ ಹನಿ.

ಪಾರ್ವೊ (ವಾಂತಿ, ಭೇದಿ ತರುವ ವೈರಸ್ ರೋಗ) ಬಂದ 3 ಕೆಜಿ ನಾಯಿಮರಿ ಅನ್ನಿ. ನೂರಕ್ಕೆ 10 ಪಾಲು ಒಣಗಿದೆ, 300 ಎಂಎಲ್ ಕೊರತೆ. ವೈದ್ಯರು ಅದನ್ನು 10 ಗಂಟೆಗೆ ಹಂಚಿದರೆ ಗಂಟೆಗೆ 30, ದಿನದ ಖರ್ಚಿನ ನೀರೂ ಸೇರಿ 35ರಿಂದ 40 ಎಂಎಲ್. ಅಂದರೆ ನಿಮಿಷಕ್ಕೆ 35ರಿಂದ 40 ಹನಿ. ಮರಿ ಪೂರ್ತಿ ಕುಸಿದಿದ್ದರೆ ಶುರುವಿಗೆ ಸ್ವಲ್ಪ ಜೋರಾಗಿ ಬಿಡುತ್ತಾರೆ, ಆದರೆ ಅಷ್ಟು ಹೊತ್ತೂ ಪಕ್ಕದಲ್ಲೇ ಇರುತ್ತಾರೆ. ಕರುವಿನಲ್ಲಿ ಹನಿ ಎಣಿಸುವುದು ಕಷ್ಟ, ಮೊದಲ ಲೀಟರ್ ಸುಮಾರು ಒಂದು ಗಂಟೆಯಲ್ಲಿ ಹೋಗಬೇಕಾದರೆ ಅದು ಧಾರೆಯೇ. ಅಲ್ಲಿ ಗಡಿಯಾರ ನೋಡಿ: ಬಾಟಲಿಗೆ ಅರ್ಧ ಗಂಟೆ.

ಬಾಟಲಿಯ ಮಗ್ಗುಲಿಗೆ ಉದ್ದಕ್ಕೆ ಬಿಳಿ ಟೇಪ್ ಅಂಟಿಸಿ, 8 ಗಂಟೆಗೆ ಇಲ್ಲಿ, 9 ಗಂಟೆಗೆ ಇಲ್ಲಿ ಅಂತ ಪೆನ್ನಿನಲ್ಲಿ ಗೆರೆ ಎಳೆಯಿರಿ. ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದವರಿಗೂ ತಿಳಿಯುತ್ತದೆ. ನಾಯಿಯ ಮುಂಗಾಲಿನ ಡ್ರಿಪ್‌ನಲ್ಲಿ ಒಂದು ಕಳ್ಳಾಟ ನಡೆಯುತ್ತದೆ. ಮರಿ ಕಾಲು ಮಡಚಿತು, ಹನಿ ನಿಂತಿತು. ಮನೆಯವರು ಕ್ಲಿಪ್‌ನ ಚಕ್ರವನ್ನು ಪೂರ್ತಿ ತೆರೆದು ಒಳಗೆ ಹೋದರು. ಮರಿ ಕಾಲು ಚಾಚಿತು, ಬಾಟಲಿ ಹತ್ತೇ ನಿಮಿಷದಲ್ಲಿ ಖಾಲಿ. ಹನಿ ನಿಂತರೆ ಚಕ್ರ ಮುಟ್ಟಬೇಡಿ. ಮೊದಲು ಕಾಲು ನೇರ ಮಾಡಿ.

ಪಕ್ಕದಲ್ಲಿ ಕೂತು ನೋಡಬೇಕಾದದ್ದು

ಕೆಲವು ವರ್ಷದ ಹಿಂದೆ ಒಂದು ಹಟ್ಟಿಯಿಂದ ಕರೆ ಬಂತು. 6 ಕೆಜಿ ಮೇಕೆಮರಿ, ಕೆಮ್ಮು, ಜ್ವರ, ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಇಂಜೆಕ್ಷನ್ ಮಾಡಲು ಅಲ್ಪಸ್ವಲ್ಪ ಕಲಿತ ಹುಡುಗನೊಬ್ಬ ಒಂದು ಬಾಟಲಿ ತಂದು, ಚಕ್ರ ಪೂರ್ತಿ ಬಿಟ್ಟು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದ. ನಾನು ಹೋದಾಗ ಮರಿ ಕುತ್ತಿಗೆ ಮುಂದಕ್ಕೆ ಚಾಚಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಮೂಗಿನಲ್ಲಿ ಸೋಪಿನ ನೊರೆಯಂಥ ನೊರೆ. ಅಜ್ಜಿ ಕೇಳಿದರು, "ನೀರು ತಾನೇ ಸಾಮಿ ಕೊಟ್ಟಿದ್ದು? ನೀರಿಂದ ಸಾಯ್ತದಾ?" ನಿಮೋನಿಯಾ ಬಂದ ಶ್ವಾಸಕೋಶಕ್ಕೆ ಅಷ್ಟು ನೀರನ್ನು ಒಮ್ಮೆಲೇ ತಡೆಯುವ ಶಕ್ತಿ ಇರಲಿಲ್ಲ. ನಾನು ಮಾಡಬಹುದಾದ್ದು ಮಾಡಿದೆ. ಮರಿ ಉಳಿಯಲಿಲ್ಲ.

ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಎದೆಗೂಡು ನೋಡಿ ಉಸಿರು ಎಣಿಸಿ. ಶುರುವಿಗಿಂತ ಉಸಿರು ಜೋರಾಯಿತು, ಕೆಮ್ಮು ಬಂತು, ಮೂಗಿನಿಂದ ತೆಳು ನೀರು ಇಳಿಯಿತು, ಕಣ್ಣಿನ ಒಳರೆಪ್ಪೆ ಊದಿತು, ಪ್ರಾಣಿ ಚಡಪಡಿಸಿತು ಅಂದರೆ ಚಕ್ರ ಮುಚ್ಚಿ, ಡಾಕ್ಟರಿಗೆ ಫೋನ್ ಮಾಡಿ. ಶುರುವಾದ ಸ್ವಲ್ಪ ಹೊತ್ತಿಗೇ ಗಡಗಡ ನಡುಗಿದರೂ ನಿಲ್ಲಿಸಿ. ಬಾಟಲಿಯಲ್ಲೋ ಸೆಟ್ಟಿನಲ್ಲೋ ಕೊಳಕು ಇರಬಹುದು. ಬಾಟಲಿ ಎಸೆಯಬೇಡಿ, ತೋರಿಸಿ. ಸೂಜಿಯ ಸುತ್ತ ಊತ ಎದ್ದರೆ ನೀರು ನರದೊಳಗೆ ಹೋಗುತ್ತಿಲ್ಲ ಅಂತ ಅರ್ಥ. ಹೃದಯದ ಕಾಯಿಲೆ ಇರುವ ಮುದಿ ನಾಯಿ, ಮೂತ್ರ ಕಟ್ಟಿದ ಪ್ರಾಣಿ, ನಿಮೋನಿಯಾ ಇರುವ ಮರಿ, ಇವುಗಳ ವಿಷಯದಲ್ಲಿ ಕಣ್ಣು ಕೀಳಲೇಬೇಡಿ.

ಒಳ್ಳೆಯ ಗುರುತುಗಳೂ ಇವೆ. ಕಿವಿ, ಕಾಲು ಬೆಚ್ಚಗಾಗುತ್ತವೆ. ಕರು ಬೆರಳು ಚೀಪುತ್ತದೆ. ಎಲ್ಲಕ್ಕಿಂತ ಮುಖ್ಯ, ಗಂಜಳ ಹಾಕುತ್ತದೆ. ಎಷ್ಟು ಗಂಟೆಗೆ ಹಾಕಿತು ಅಂತ ಬರೆದಿಡಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು.

ಎದ್ದು ನಿಂತಿತು ಅಂತ ಕೆಲಸ ಮುಗಿಯಿತು ಅನ್ನಬೇಡಿ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟ ಅನ್ನುವ ವೈದ್ಯ ಕಾಲರಾ ರೋಗಿಗೆ ಮೊದಲ ಸಲ ನರಕ್ಕೆ ಉಪ್ಪುನೀರು ಕೊಟ್ಟ. ಸಾಯುವ ಸ್ಥಿತಿಯಲ್ಲಿದ್ದ ಮುದುಕಿ ಕಣ್ಣು ಬಿಟ್ಟಳು, ಮೈ ಬೆಚ್ಚಗಾಯಿತು. ಇನ್ನು ಭಯವಿಲ್ಲ ಅಂದುಕೊಂಡು ಆತ ಹೊರಟ. ಭೇದಿ ಮತ್ತೆ ಶುರುವಾಯಿತು, ಯಾರೂ ಮತ್ತೆ ನೀರು ಕೊಡಲಿಲ್ಲ, ಕೆಲವೇ ಗಂಟೆಯಲ್ಲಿ ಆಕೆ ತೀರಿಹೋದಳು. ಬೆಳಿಗ್ಗೆ ಡ್ರಿಪ್ ಹಾಕಿಸಿಕೊಂಡು ಕುಣಿದ ಕರು ಸಂಜೆ ಮತ್ತೆ ಮಲಗುವುದೂ ಇದೇ ಕಾರಣಕ್ಕೆ. ಭೇದಿ ನಿಲ್ಲುವವರೆಗೆ ಬಾಯಿಯಲ್ಲಿ ನೀರು ಕೊಡುತ್ತಲೇ ಇರಬೇಕು.

ಕ್ಯಾಲ್ಸಿಯಂ ಬಾಟಲಿ ಬೇರೆ ಮಾತು

ಕರು ಹಾಕಿದ ಒಂದೆರಡು ದಿನದಲ್ಲಿ ಹಸು ಮಲಗಿದರೆ, ಹಾಲು ಜ್ವರಕ್ಕೆ (ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವ ಕಾಯಿಲೆ) 450 ಎಂಎಲ್‌ನ ಕ್ಯಾಲ್ಸಿಯಂ ಬಾಟಲಿ ಹಾಕುತ್ತಾರೆ. ಅರ್ಧ ಗಂಟೆಯಲ್ಲಿ ಹಸು ಎದ್ದು ನಿಲ್ಲುವುದನ್ನು ನೋಡಿದವರಿಗೆ ಇದೊಂದು ಮಾಯೆ. ಆದರೆ ಇದು ಸಲೈನ್ ಅಲ್ಲ. ಜೋರಾಗಿ ಹೋದರೆ ಹೃದಯ ನಿಲ್ಲಿಸುತ್ತದೆ. ವೈದ್ಯರು ಸ್ಟೆತಾಸ್ಕೋಪ್ ಎದೆಗಿಟ್ಟು ಹತ್ತು ಹದಿನೈದು ನಿಮಿಷಕ್ಕೆ ಕಮ್ಮಿಯಿಲ್ಲದಂತೆ ನಿಧಾನವಾಗಿ ಬಿಡುತ್ತಾರೆ. "ಬೇಗ ಬಿಡಿ ಸಾರ್" ಅಂತ ಅವಸರ ಮಾಡಬೇಡಿ. ತೇಗು ಬಂತು, ಮೈ ಅದುರಿತು, ಸಗಣಿ ಹಾಕಿತು ಅಂದರೆ ಒಳ್ಳೆಯ ಲಕ್ಷಣ.

ಇಲ್ಲಿ ಆಗುವ ದೊಡ್ಡ ತಪ್ಪು ಮುಚ್ಚಿಡುವುದು. ಬೆಳಿಗ್ಗೆ ಒಬ್ಬರಿಂದ ಹಾಕಿಸಿ, ಸಂಜೆ ಇನ್ನೊಬ್ಬರನ್ನು ಕರೆದು, ಮೊದಲಿನದ್ದನ್ನು ಹೇಳದೇ ಇರುವುದು. ಬೈತಾರೆ ಅಂತ ಭಯ. ಬೈದರೆ ಬೈಯಲಿ ಬಿಡಿ. ಖಾಲಿ ಬಾಟಲಿ, ಆಂಪೂಲು ಎಲ್ಲ ಒಂದು ಚೀಲದಲ್ಲಿ ಹಾಕಿಟ್ಟು ಮುಂದೆ ಇಡಿ. 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಿದಾಗಲೂ ಅದನ್ನೇ ಮಾಡಿ. ಬಾಟಲಿ ಜೊತೆ ಆಂಟಿಬಯಾಟಿಕ್ ಸೇರಿಸಿದ್ದರೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತಲೂ ಕೇಳಿಕೊಳ್ಳಿ.

ಮುಗಿದ ಮೇಲೆ

ಸೂಜಿ ತೆಗೆದ ಜಾಗವನ್ನು ಹತ್ತಿಯಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ನಾಳೆಗೂ ಬೇಕು ಅಂತ ಕ್ಯಾನುಲಾ (ನರದಲ್ಲೇ ಉಳಿಯುವ ಸಣ್ಣ ಪ್ಲಾಸ್ಟಿಕ್ ಕೊಳವೆ) ಬಿಟ್ಟು ಹೋಗಿದ್ದರೆ ಮುಚ್ಚಳ ಭದ್ರವಾಗಿರಲಿ. ಕುತ್ತಿಗೆಯ ಕ್ಯಾನುಲಾ ತೆರೆದಿದ್ದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ದಿನಕ್ಕೆ ಎರಡು ಸಲ ಮುಟ್ಟಿ ನೋಡಿ. ಬಿಸಿ, ಊತ, ಕೀವು ಕಂಡರೆ ತೆಗೆಸಿಬಿಡಿ. ಏನೂ ಕಾಣದಿದ್ದರೂ ಮೂರು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದು ಒಳ್ಳೆಯದಲ್ಲ.

ಕೊನೆಗೆ ಸೂಜಿ ಎಣಿಸಿ. ಎಷ್ಟು ಬಿಚ್ಚಿದ್ದಿರೋ ಅಷ್ಟೂ ಸಿಗಬೇಕು. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಡಾಕ್ಟರ ಕೈಗೇ ಕೊಟ್ಟುಬಿಡಿ. ಹಸು ಹುಲ್ಲನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ, ನಾಲಿಗೆ ಸುತ್ತಿ ಎಳೆದು ನುಂಗುತ್ತದೆ. ಹುಲ್ಲಿನ ಜೊತೆ ಹೋದ ಸೂಜಿ ಎರಡನೇ ಹೊಟ್ಟೆಯಲ್ಲಿ ನಿಂತು, ಅಲ್ಲಿಂದ ಚುಚ್ಚಿಕೊಂಡು ಹೃದಯದವರೆಗೂ ಹೋಗಬಹುದು. ಒಂದು ಸೂಜಿ ಕಮ್ಮಿ ಬಂದರೂ ಗೋದಲಿಯಲ್ಲಿರುವ ಹುಲ್ಲನ್ನೆಲ್ಲ ಎತ್ತಿ ಹೊರಗೆ ಹಾಕಿ, ಟಾರ್ಚ್ ಹಿಡಿದು ನೆಲ ಗುಡಿಸಿ. ಸಿಗುವವರೆಗೂ ಅಲ್ಲಿ ಮೇವು ಹಾಕಬೇಡಿ.